ಹುಟ್ಟಿನಿಂದ ಬಂದ ಪೌರತ್ವಕ್ಕೆ ಇಷ್ಟೊಂದು ಕಾಯಿಸುವುದೇಕೆ?

ಮಾನ್ಯ ಸಂಪಾದಕರೇ,

ಕುಶಾಲನಗರದಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆಯುವುದು, ಜಾತಿ-ಆದಾಯ ಪತ್ರ, ಪಾನ್ ಕಾರ್ಡು, ಪಾಸ್‌ಪೋರ್ಟ್ ಅರ್ಜಿ, ಜೆರಾಕ್ಸು ಎಲ್ಲ ಮಾಡಿಕೊಡುತ್ತೇನೆ. ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಅಲ್ಲೇ ಮುಂದೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ಹೀಗಾಗಿ ನನ್ನಲ್ಲಿ ಅರ್ಜಿ ತುಂಬಿಸಲು ಬರುವವರಲ್ಲಿ ಟಿಬೆಟನ್ನರು ತುಂಬಾ ಜನ. ಅವರ ಪೌರತ್ವದ ಫೈಲುಗಳು ಹೇಗೆ ನಿಂತುಬಿಡುತ್ತವೆ ಎಂಬುದನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಅದಕ್ಕೇ ಈ ಪತ್ರ.

ಕಾನೂನು ಏನು ಹೇಳುತ್ತದೆ ಎಂಬುದು ನಮ್ಮ ಕಡೆಯವರಲ್ಲೇ ಅನೇಕರಿಗೆ ಗೊತ್ತಿಲ್ಲ. 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, 1950ರ ಜನವರಿ 26ರಂದು ಅಥವಾ ಅದರ ನಂತರ, 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಭಾರತದ ಪ್ರಜೆಗಳು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಅಪ್ಪ-ಅಮ್ಮ ಎಲ್ಲಿಂದ ಬಂದವರು ಎಂದು ಆ ಸೆಕ್ಷನ್ ಕೇಳುವುದೇ ಇಲ್ಲ. ಹಿಮಾಚಲದ ಕಾಂಗ್ರಾದಲ್ಲಿ 1986ರಲ್ಲಿ ಹುಟ್ಟಿದ ನಾಮ್‌ಗ್ಯಾಲ್ ದೋಲ್ಕರ್ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿದಾಗ, 2010ರಲ್ಲಿ ದೆಹಲಿ ಹೈಕೋರ್ಟ್ ಅವರು ಹುಟ್ಟಿನಿಂದಲೇ ಭಾರತೀಯರು ಎಂದು ಹೇಳಿತು. ಹಳದಿ ಗುರುತಿನ ಪುಸ್ತಕ (ವಿದೇಶಕ್ಕೆ ಹೋಗಲು ಟಿಬೆಟನ್ನರಿಗೆ ಪಾಸ್‌ಪೋರ್ಟಿನ ಬದಲು ಕೊಡುವ ಪತ್ರ) ಮಾಡಿಸಿಕೊಳ್ಳುವಾಗ 'ಟಿಬೆಟನ್' ಎಂದು ಬರೆದ ಮಾತ್ರಕ್ಕೆ ಪೌರತ್ವ ಬಿಟ್ಟುಕೊಟ್ಟಂತಾಗುವುದಿಲ್ಲ ಎಂದೂ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಹೇಳಬೇಕಾಯಿತು, ಆಮೇಲೆ 2017ರಲ್ಲಿ ವಿದೇಶಾಂಗ ಸಚಿವಾಲಯ ಇವರ ಪಾಸ್‌ಪೋರ್ಟ್ ಅರ್ಜಿಗಳನ್ನು ಪರಿಗಣಿಸುವಂತೆ ಕಚೇರಿಗಳಿಗೆ ಸೂಚಿಸಿತು.

ಇಷ್ಟೆಲ್ಲ ಆದ ಮೇಲೂ ಫೈಲು ಯಾಕೆ ಓಡುವುದಿಲ್ಲ? ನನ್ನ ಕಣ್ಣೆದುರಿಗೇ ನಡೆದದ್ದನ್ನು ಹೇಳುತ್ತೇನೆ. ಹೆಸರು ಬೇಡ, ಅವರಿಗೆ ತೊಂದರೆಯಾಗಬಾರದು.

ಆ ಅಕ್ಕ ಹುಟ್ಟಿದ್ದು 1974ರಲ್ಲಿ, ಬೈಲಕುಪ್ಪೆಯ ಕ್ಯಾಂಪಿನ ಮನೆಯಲ್ಲೇ. ಅವರ ಅಪ್ಪ-ಅಮ್ಮ ಅರವತ್ತರ ದಶಕದಲ್ಲಿ ಇಲ್ಲಿಗೆ ಬಂದು ಕಾಡು ಕಡಿದು, ಆನೆ ಕಾದು, ಜೋಳ ಹಾಕಿದವರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ಸರ್ಕಾರ ಜಾಗ ಕೊಟ್ಟಿದ್ದರಿಂದಲೇ ನಮಗೆ ಜೀವನ ಆಯಿತು ಎಂದು ಇವತ್ತಿಗೂ ಆ ಮನೆಯವರು ನೆನೆಯುತ್ತಾರೆ. ಈ ಅಕ್ಕ ಸಂತೆಯಲ್ಲಿ ಮಾತಾಡುವ ಕನ್ನಡ ನನ್ನ ಕನ್ನಡಕ್ಕಿಂತ ಚುರುಕು. ಚಳಿಗಾಲ ಬಂತೆಂದರೆ ಸ್ವೆಟರ್ ವ್ಯಾಪಾರಕ್ಕೆ ಬೇರೆ ಊರಿಗೆ ಹೋಗುತ್ತಾರೆ, ಉಳಿದ ದಿನ ವಯಸ್ಸಾದ ತಾಯಿಯನ್ನು ನೋಡಿಕೊಂಡು ಮನೆಯಲ್ಲಿರುತ್ತಾರೆ.

ಪೌರತ್ವಕ್ಕೆ ಪುರಾವೆಯಾಗಲೆಂದು ಅವರು ಪಾಸ್‌ಪೋರ್ಟ್ ಅರ್ಜಿ ಹಾಕಲು ಹೊರಟರು. ಮೊದಲನೇ ತೊಡಕು ಜನನ ಪತ್ರ. ಮನೆಯಲ್ಲಿ ಹೆರಿಗೆಯಾದ ಮಗುವನ್ನು ಆಗ ಯಾರೂ ನೋಂದಾಯಿಸಿರಲಿಲ್ಲ. ತಡವಾದ ನೋಂದಣಿಗೆ ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಿತ್ತು. (2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಅವರು ನೇಮಿಸಿದ ಅಧಿಕಾರಿಗಳಿಗೆ ಬಂದಿದೆ, ಅದು ಒಳ್ಳೆಯದಾಯಿತು.) ವಕೀಲರು, ಸಾಕ್ಷಿಗಳು, ಶಾಲೆಯ ದಾಖಲೆ ಎಲ್ಲ ಕೂಡಿಸಿ ಆ ಆದೇಶ ತಂದರು. ತಂದ ಮೇಲೆ ಹೆಸರಿನ ಗೋಳು. ಟಿಬೆಟನ್ನರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಇರುವುದಿಲ್ಲ, ಲಾಮಾ ಇಟ್ಟ ಎರಡು ಹೆಸರೇ ಪೂರ್ತಿ ಹೆಸರು. ಶಾಲೆಯ ಗುಮಾಸ್ತರು ಒಂದು ಥರ ಬರೆದಿದ್ದಾರೆ, ಪೊಲೀಸರು ಕೊಟ್ಟ ನೋಂದಣಿ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ಒಂದು ಹೆಚ್ಚಿದೆ. ಆ ಒಂದು ಅಕ್ಷರಕ್ಕಾಗಿ ಅಫಿಡವಿಟ್ಟು, ಅಫಿಡವಿಟ್ಟು ಸಾಲದೆಂದು ಪತ್ರಿಕೆಯಲ್ಲಿ ಪ್ರಕಟಣೆ.

ಇದನ್ನೆಲ್ಲ ಸಹಿಸಬಹುದು. ನಮ್ಮವರೂ ಇಂಥ ತಿದ್ದುಪಡಿಗೆ ಅಲೆಯುತ್ತಾರೆ. ಸಹಿಸಲಾಗದ್ದು ಆಮೇಲಿನದು.

2017ರ ಸೂಚನೆಯ ಬೆನ್ನಿಗೇ ಷರತ್ತುಗಳು ಬಂದವು. ಅರ್ಜಿದಾರರು ವಿದೇಶಿಯರೆಂದು ಪೊಲೀಸರು ಕೊಟ್ಟ ನೋಂದಣಿ ಪುಸ್ತಕವನ್ನೂ (ಎಲ್ಲರೂ ಆರ್‌ಸಿ ಎನ್ನುವುದು ಇದನ್ನೇ), ಹಳದಿ ಗುರುತಿನ ಪುಸ್ತಕ ಇದ್ದರೆ ಅದನ್ನೂ ಒಪ್ಪಿಸಿ ರದ್ದು ಮಾಡಿಸಬೇಕು. ನಿರಾಶ್ರಿತರ ಸೌಲಭ್ಯ ಪಡೆಯುತ್ತಿಲ್ಲ ಎಂದು ಬರೆದುಕೊಡಬೇಕು. ಕ್ಯಾಂಪಿನಲ್ಲಿ ವಾಸ ಇರಬಾರದು. ಭಾರತದ ಪ್ರಜೆ ಆದ ಮೇಲೆ ವಿದೇಶಿಯರ ನೋಂದಣಿ ಯಾಕೆ ಎಂಬ ವಾದ ನನಗೂ ಅರ್ಥವಾಗುತ್ತದೆ. ಆದರೆ ಇದು ಜೀವನದಲ್ಲಿ ಹೇಗೆ ನಡೆಯುತ್ತದೆ ನೋಡಿ. ಒಂದು ಕಚೇರಿಯಲ್ಲಿ, "ಮೊದಲು ಆರ್‌ಸಿ ಒಪ್ಪಿಸಿ ಬನ್ನಿ, ಆಮೇಲೆ ಫೈಲು ಮುಂದಕ್ಕೆ ಹೋಗುತ್ತೆ" ಅಂದರು. ಅಕ್ಕ ಒಪ್ಪಿಸಿದರು. ತಾಯಿಯನ್ನು ತಂಗಿಗೆ ಬಿಟ್ಟು ಸೇತುವೆಯ ಈಚೆ ಕುಶಾಲನಗರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದರು. ಸೇತುವೆ ದಾಟಿದ್ದಕ್ಕೆ ಜಿಲ್ಲೆ ಬದಲಾಯಿತು, ಪೊಲೀಸ್ ವೆರಿಫಿಕೇಷನ್ನೂ ಬದಲಾಯಿತು. ಆ ಕಡೆಯವರು "ಇಲ್ಲಿ ವಾಸ ಇಲ್ಲ" ಎಂದು ಬರೆದರು, ಈ ಕಡೆಯವರು "ವಾಸ ಇತ್ತೀಚಿನದು, ಹಿಂದಿನ ದಾಖಲೆ ಆ ಜಿಲ್ಲೆಯದು" ಎಂದು ಬರೆದರು. ಎರಡೂ ಸುಳ್ಳಲ್ಲ. ಎರಡನ್ನೂ ಸೇರಿಸಿ ಓದುವವರು ಮಾತ್ರ ಯಾರೂ ಇರಲಿಲ್ಲ. ಹೊಸ ವಿಳಾಸಕ್ಕೆ ಪೊಲೀಸರು ವಿಚಾರಿಸಲು ಬಂದದ್ದು ಅಕ್ಕ ಸ್ವೆಟರ್ ವ್ಯಾಪಾರಕ್ಕೆ ಹೋಗಿದ್ದಾಗ. 'ಅರ್ಜಿದಾರರು ಲಭ್ಯವಿಲ್ಲ' ಎಂದು ಬರೆದುಹೋದರು.

ಅಲ್ಲಿಂದ ಅವರ ಅರ್ಜಿ ನನ್ನ ಕಂಪ್ಯೂಟರಿನಲ್ಲಿ 'ಪರಿಶೀಲನೆಯಲ್ಲಿದೆ' ಎಂದೇ ತೋರಿಸುತ್ತ ಬಂದಿದೆ. ಅವರ ಕೈಯಲ್ಲಿ ಆರ್‌ಸಿ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಬ್ಯಾಂಕಿನಲ್ಲಿ ಕೆವೈಸಿ ಕೇಳಿದಾಗ ಆಧಾರ್ ಕೊಡುತ್ತಾರೆ, ರಾಷ್ಟ್ರೀಯತೆಯ ಜಾಗದಲ್ಲಿ ಏನು ಬರೆಯುವುದೆಂದು ಆ ಹುಡುಗರಿಗೂ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ಯಾರಾದರೂ ತಡೆದು ಕೇಳಿದರೆ ತೋರಿಸಲು ಅವರ ಬಳಿ ಇರುವುದು ನಾನು ಪ್ರಿಂಟ್ ತೆಗೆದುಕೊಟ್ಟ ಅರ್ಜಿಯ ರಸೀದಿ. ಕೋರ್ಟು ಯಾರನ್ನು ಹುಟ್ಟಿನಿಂದ ಭಾರತೀಯರೆಂದಿತೋ ಅವರನ್ನೇ ನಾವು ಯಾವ ದೇಶಕ್ಕೂ ಸೇರದವರಂತೆ ಮಾಡಿ ನಿಲ್ಲಿಸಿದ್ದೇವೆ. ಇದು ನನಗೆ ತಡೆಯಲಾಗದ ಸಂಕಟ.

ಅವರ ಮಗ ಹುಟ್ಟಿದ್ದು 2003ರಲ್ಲಿ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮುಂಚಿನವರೆಗೆ ಇಲ್ಲಿ ಹುಟ್ಟಿದವರಿಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಅಂದರೆ ತಾಯಿಯ ಕಾಗದ ಬಂದರೆ ಮಗನದ್ದೂ ಇತ್ಯರ್ಥವಾಗುತ್ತದೆ. ಹುಡುಗ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾನೆ. ಸರ್ಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ ನನ್ನ ಅಂಗಡಿಗೆ ಬಂದ. ಫಾರಂ ತುಂಬುತ್ತ 'ಭಾರತೀಯ ಪ್ರಜೆಯೇ?' ಎಂಬ ಕಡೆ ಇಬ್ಬರೂ ನಿಂತೆವು. ಹೌದು ಎಂದು ಒತ್ತಿದರೆ ಪುರಾವೆ ಕೇಳುತ್ತಾರೆ, ಇಲ್ಲ ಎಂದು ಒತ್ತಿದರೆ ಫಾರಂ ಅಲ್ಲಿಗೇ ಮುಗಿಯುತ್ತದೆ. ಕಡೆಯ ದಿನಾಂಕ ದಾಟಿಹೋಯಿತು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ನರ್ಸುಗಳಿಲ್ಲವೆಂದು ನಾವೇ ದೂರುತ್ತಿರುತ್ತೇವೆ.

ಭದ್ರತೆಯ ವಿಷಯ, ವಿಚಾರಣೆ ಆಗಲೇಬೇಕು ಎಂದು ಕೆಲವರು ಹೇಳುತ್ತಾರೆ. ಆಗಲಿ, ಬೇಡ ಎಂದವರಾರು? ಆರ್‌ಸಿ ಮಾಡಿಸಿದ ದಿನದಿಂದ ಇವರ ಹೆಸರು, ವಿಳಾಸ, ಫೋಟೊ ಪೊಲೀಸ್ ದಾಖಲೆಯಲ್ಲೇ ಇವೆ. ನಮ್ಮ-ನಿಮ್ಮ ಬಗ್ಗೆಯೂ ಸರ್ಕಾರದ ಬಳಿ ಅಷ್ಟು ಮಾಹಿತಿ ಇರಲಾರದು. ಎಲ್ಲ ಟಿಬೆಟನ್ನರಿಗೂ ಭಾರತದ ಪೌರತ್ವ ಬೇಕೆಂದೂ ನಾನು ಹೇಳುತ್ತಿಲ್ಲ. ಎಂದಾದರೂ ಊರಿಗೆ ಮರಳುತ್ತೇವೆಂಬ ಆಸೆಯಲ್ಲಿ ಆರ್‌ಸಿಯನ್ನೇ ಉಳಿಸಿಕೊಂಡ ಹಿರಿಯರು ಬಹಳ ಜನ ಇದ್ದಾರೆ, ಅದು ಅವರ ಮನಸ್ಸು. ಬೇಕು ಎಂದು ಕೇಳಿದವರಿಗೆ ಒಂದು ಉತ್ತರ ಬೇಡವೇ?

ಜಾತಿ ಪತ್ರಕ್ಕೆ, ಆದಾಯ ಪತ್ರಕ್ಕೆ ನಮ್ಮ ರಾಜ್ಯದಲ್ಲಿ 'ಸಕಾಲ' ಇದೆ. 2012ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ಗಡುವು ಇದೆ ಎಂಬುದರಿಂದಲೇ ಕಡತ ಮೇಜಿನಿಂದ ಮೇಜಿಗೆ ಹೋಗುವುದನ್ನು ನಾನು ದಿನವೂ ನೋಡುತ್ತೇನೆ. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ವಿಷಯ, ಸಕಾಲಕ್ಕೆ ಬರುವುದಿಲ್ಲ, ನಿಜ. ಆದರೆ ವೆರಿಫಿಕೇಷನ್ ಮಾಡುವವರು ನಮ್ಮ ರಾಜ್ಯದ ಪೊಲೀಸರೇ. ಬೈಲಕುಪ್ಪೆ, ಹುಣಸೂರು, ಮುಂಡಗೋಡ, ಕೊಳ್ಳೇಗಾಲದ ಕಡೆಯ ಕ್ಯಾಂಪುಗಳಿಂದ ಹೊರಬಂದವರ ಅರ್ಜಿಗಳಲ್ಲಿ ಹಳೆಯ ಜಿಲ್ಲೆಯ ಮತ್ತು ಹೊಸ ಜಿಲ್ಲೆಯ ವರದಿಯನ್ನು ಒಟ್ಟಿಗೆ, ಒಂದು ಗಡುವಿನೊಳಗೆ ಕಳಿಸಿ ಎಂದು ರಾಜ್ಯ ಗೃಹ ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ದೆಹಲಿಯನ್ನು ಕೇಳಬೇಕಾಗಿಲ್ಲ.

ದೆಹಲಿಯನ್ನು ಕೇಳಬೇಕಾದ್ದು ಒಂದಿದೆ. ಆರ್‌ಸಿಯನ್ನು ಪಾಸ್‌ಪೋರ್ಟ್ ಕೈಗೆ ಕೊಡುವ ದಿನ ತೆಗೆದುಕೊಳ್ಳಲಿ, ಅದಕ್ಕೆ ಮೊದಲು ಬೇಡ. ಮೊದಲೇ ತೆಗೆದುಕೊಳ್ಳಲೇಬೇಕೆಂದಿದ್ದರೆ, ಈ ವ್ಯಕ್ತಿಯ ಅರ್ಜಿ ಬಾಕಿ ಇದೆ, ಅಲ್ಲಿಯತನಕ ಇವರ ವಾಸಕ್ಕೆ ಅಡ್ಡಿಯಿಲ್ಲ ಎಂದು ಸಹಿ-ಮೊಹರು ಹಾಕಿದ ಪತ್ರ ಕೊಡಲಿ. ಮೈಸೂರು-ಕೊಡಗು ಕ್ಷೇತ್ರದ ಸಂಸದರು ಇದನ್ನು ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಮುಂದಿಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಸೇತುವೆಯ ಎರಡೂ ದಡ ಅವರ ಕ್ಷೇತ್ರದಲ್ಲೇ ಇವೆ.

ಇಂತಿ,
ಅರ್ಜಿ ತುಂಬಿಕೊಡುವ ಕೆಲಸದವಳು,
ಕುಶಾಲನಗರ