ಅಂಗಡಿ ಲೆಕ್ಕವೂ ವೆಲ್ಷ್‌ನಲ್ಲೇ ಇತ್ತು

ನಮ್ಮ ಕನ್ನಡ ಸಂಘದಲ್ಲಿ ಹೆಚ್ಚಿನವರು ವೇಲ್ಸ್‌ಗೆ ಬಂದದ್ದು ಕೆಲಸಕ್ಕೆ. ಆಸ್ಪತ್ರೆ, ಸಾಫ್ಟ್‌ವೇರ್, ಯೂನಿವರ್ಸಿಟಿ, ಹೀಗೆ. ಕನ್ನಡ ಉಳಿಸಬೇಕು ಅಂತ ಯಾರೂ ವಿಮಾನ ಹತ್ತಲಿಲ್ಲ. ಆದರೆ ಇದೇ ವೇಲ್ಸ್‌ನ ಸುಮಾರು 150 ಜನ 1865ರ ಮೇ ತಿಂಗಳಲ್ಲಿ ಹಡಗು ಹತ್ತಿದ್ದು ತಮ್ಮ ವೆಲ್ಷ್ ಭಾಷೆಯನ್ನು ಉಳಿಸಿಕೊಳ್ಳುವುದಕ್ಕೆ. ಹಡಗಿನ ಹೆಸರು ಮಿಮೋಸಾ. ಲಿವರ್‌ಪೂಲ್‌ನಿಂದ ಹೊರಟು ಎರಡು ತಿಂಗಳಿಗೆ ಅರ್ಜೆಂಟೀನಾದ ಪಟಗೋನಿಯಾ ತೀರ ಸೇರಿತು.

ಅಷ್ಟು ದೂರ ಯಾಕೆ? ಈ ಯೋಜನೆಯ ಹಿಂದಿದ್ದ, ವೇಲ್ಸ್‌ನ ಬಾಲಾ ಊರಿನ ಪಾದ್ರಿ ಮೈಕಲ್ ಡಿ. ಜೋನ್ಸ್ ಅಮೆರಿಕಕ್ಕೆ ಹೋಗಿ ಬಂದಿದ್ದರು. ಅಲ್ಲಿ ನೆಲೆಸಿದ ವೆಲ್ಷ್ ಜನರ ಮಕ್ಕಳು ಇಂಗ್ಲಿಷ್‌ಗೆ ಹೊರಳುವುದನ್ನು ಕಣ್ಣಾರೆ ಕಂಡಿದ್ದರು. ಇಲ್ಲಿ ಊರಲ್ಲಾದರೂ ಸುಖವಿತ್ತೇ? ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಶಿಕ್ಷೆಯಾಗಿ ಮರದ ತುಂಡು ಕಟ್ಟುತ್ತಿದ್ದರು. ಇಂಗ್ಲಿಷಿನ ನೆರಳು ಬೀಳದ ಜಾಗ ಬೇಕು ಅನ್ನುವುದು ಅವರ ಲೆಕ್ಕಾಚಾರವಾಗಿತ್ತು.

ಇಳಿದು ನೋಡಿದರೆ ಒಣ ಬಯಲು. ಬಂದವರಲ್ಲಿ ಬೇಸಾಯ ಬಲ್ಲವರು ಕಡಿಮೆ. ಮೊದಲ ವರ್ಷಗಳಲ್ಲಿ ಅವರನ್ನು ಬದುಕಿಸಿದ್ದು ಅಲ್ಲಿನ ಮೂಲನಿವಾಸಿಗಳಾದ ತೆಹುವೆಲ್ಚೆ ಜನ. ಬೇಟೆ ಕಲಿಸಿದರು, ಬ್ರೆಡ್ ತೆಗೆದುಕೊಂಡು ಮಾಂಸ ಕೊಟ್ಟರು. ಆಮೇಲೆ ಚುಬುಟ್ ನದಿಯಿಂದ ಕಾಲುವೆ ತೋಡಿ ನೀರು ಹಾಯಿಸಿದ ಮೇಲೆ ಗೋಧಿ ಬಂತು.

ನನಗೆ ಇಲ್ಲಿ ಹಿಡಿಸಿದ್ದು ಅವರ ಸಾಹಸವಲ್ಲ. ಅವರು ಭಾಷೆಗೆ ಕೊಟ್ಟ ಕೆಲಸ. ಪ್ರಾರ್ಥನೆ ವೆಲ್ಷ್‌ನಲ್ಲಿ, ಅದು ಸರಿ. ಶಾಲೆಯೂ ವೆಲ್ಷ್‌ನಲ್ಲೇ. ಪಂಚಾಯ್ತಿ, ಜಗಳದ ತೀರ್ಪು ವೆಲ್ಷ್‌ನಲ್ಲಿ. 1885ರಲ್ಲಿ ರೈತರೇ ಸೇರಿ ಒಂದು ಸಹಕಾರಿ ಅಂಗಡಿ ತೆರೆದರು. ಅದರ ಲೆಕ್ಕಪತ್ರವೂ ವೆಲ್ಷ್‌ನಲ್ಲಿ. 1891ರಲ್ಲಿ ವಲಸೆ ಬಂದವರ ಮುಂದಾಳು ಲೂಯಿಸ್ ಜೋನ್ಸ್ ‘ಅ ದ್ರವೋದ್’ ಅನ್ನುವ ಪತ್ರಿಕೆ ಶುರು ಮಾಡಿದರು. ಅದು ಇವತ್ತಿಗೂ ಬರುತ್ತಿದೆ. (ಲೇಖನ ಕಳಿಸಿ ಅಂತ ವಾಟ್ಸಾಪ್‌ನಲ್ಲಿ ಅಂಗಲಾಚುವ ನನ್ನಂಥ ಸಂಪಾದಕನಿಗೆ ಹೊಟ್ಟೆಕಿಚ್ಚಾಗದೆ ಇರುತ್ತದಾ?)

ಭಾಷೆ ಸೊರಗಿದ್ದು ಈ ಕೆಲಸಗಳು ಒಂದೊಂದಾಗಿ ಕೈಬಿಟ್ಟಾಗ. ಸರ್ಕಾರಿ ಶಾಲೆ ಬಂತು, ಪಾಠ ಸ್ಪ್ಯಾನಿಷ್ ಆಯಿತು. ಪ್ರವಾಹಗಳಿಂದ, ಭಾನುವಾರ ನಡೆಸುತ್ತಿದ್ದ ಕಡ್ಡಾಯ ಸೈನಿಕ ಕವಾಯತಿನಿಂದ ಬೇಸತ್ತು 1902ರಲ್ಲಿ ಒಂದಷ್ಟು ಜನ ಕೆನಡಾಕ್ಕೆ ಹೋದರು. ಮುಂದೆ ಸಹಕಾರಿ ಅಂಗಡಿಯೂ ಮುಚ್ಚಿತು. ಇಟಲಿ, ಸ್ಪೇನ್ ಮೂಲದವರ ಜೊತೆ ಮದುವೆಗಳಾದವು. ಅಜ್ಜಿ ವೆಲ್ಷ್‌ನಲ್ಲಿ ಕೇಳಿದರೆ ಮೊಮ್ಮಗ ಸ್ಪ್ಯಾನಿಷ್‌ನಲ್ಲಿ ಉತ್ತರಿಸುವ ಕಾಲ ಬಂತು. ನಮ್ಮ ಮನೆಗಳಲ್ಲೂ ಇದೇ ಅಲ್ವಾ?

1965ರಲ್ಲಿ ನೂರು ವರ್ಷದ ಆಚರಣೆಗೆ ವೇಲ್ಸ್‌ನಿಂದ ಜನ ಹೋದರು, ನಿಂತುಹೋಗಿದ್ದ ನಂಟು ಮತ್ತೆ ಬೆಸೆಯಿತು. ಆದರೆ ಆಚರಣೆ ಮುಗಿದ ಮೇಲೂ ಒಂದು ದಿನಚರಿ ಬೇಕಲ್ಲ. 1997ರಿಂದ ವೇಲ್ಸ್ ಅಲ್ಲಿಗೆ ವೆಲ್ಷ್ ಮೇಷ್ಟ್ರುಗಳನ್ನು ಕಳಿಸುತ್ತಿದೆ. ಟ್ರೆಲ್ಯೂ, ಗೈಮನ್, ಟ್ರೆವೆಲಿನ್ ಊರುಗಳಲ್ಲಿ ಈಗ ಎರಡು ಭಾಷೆಯ ಶಾಲೆಗಳಿವೆ. ವೆಲ್ಷ್ ಮೂಲದವರಲ್ಲದ ಮಕ್ಕಳೂ ಅಲ್ಲಿ ಕಲಿಯುತ್ತಾರೆ.

ಹಾಗಂತ ಅವರು ವೇಲ್ಸ್‌ನ ನಕಲು ಆಗಿ ಉಳಿದಿಲ್ಲ. ಅವರು ಅರ್ಜೆಂಟೀನಾದವರು, ‘ಮಾಟೆ’ ಅನ್ನುವ ಅಲ್ಲಿನ ಎಲೆಯ ಕಷಾಯ ಕುಡಿಯುವವರು. ಗೈಮನ್‌ನ ಚಹಾ ಅಂಗಡಿಗಳಲ್ಲಿ ‘ವೆಲ್ಷ್ ಕಪ್ಪು ಕೇಕ್’ ಅಂತ ಮಾರುತ್ತಾರೆ. ಅದು ಹುಟ್ಟಿದ್ದು ಪಟಗೋನಿಯಾದಲ್ಲೇ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಕಡೆ ವೆಲ್ಷ್ ಗಾರ್ಡ್ಸ್ ಪಡೆ ಇತ್ತು, ಅರ್ಜೆಂಟೀನಾದ ಕಡೆ ವೆಲ್ಷ್ ವಂಶದ ಹುಡುಗರೂ ಇದ್ದರು. ಆರು ದೇಶಗಳ ರಗ್ಬಿಯಲ್ಲಿ ವೇಲ್ಸ್‌ನ ಕೆಂಪು ಅಂಗಿ ತೊಟ್ಟು ಕಿರುಚುವ ನಮ್ಮ ಮಕ್ಕಳನ್ನು ‘ನೀನು ಯಾವ ಕಡೆಯವನೋ?’ ಅಂತ ಕೆಣಕುವ ಹಿರಿಯರು ಇದನ್ನು ಒಮ್ಮೆ ಯೋಚಿಸಬೇಕು. ಆ ಮಕ್ಕಳು ಇಲ್ಲಿಯವರೇ. ಅದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲ.

ಇನ್ನು ಆ ತೆಹುವೆಲ್ಚೆಯವರ ಕಥೆ. ಅರ್ಜೆಂಟೀನಾದ ಸೇನೆ 1880ರ ಹೊತ್ತಿಗೆ ಅಲ್ಲಿನ ಮೂಲನಿವಾಸಿಗಳ ಮೇಲೆ ದಂಡೆತ್ತಿ ಹೋಯಿತು. ತೆಹುವೆಲ್ಚೆ ಭಾಷೆಯನ್ನು ಚೆನ್ನಾಗಿ ಬಲ್ಲ ಕೊನೆಯವರು ಡೋರಾ ಮಾಂಚಾಡೊ 2019ರಲ್ಲಿ ತೀರಿಕೊಂಡರು. ವೆಲ್ಷ್ ಜನರಿಗೆ ಬೆನ್ನ ಹಿಂದೆ ಒಂದು ದೇಶವಿತ್ತು, ಮೇಷ್ಟ್ರುಗಳನ್ನು ಕಳಿಸಿತು. ಇವರಿಗೆ ಯಾರು ಕಳಿಸಬೇಕು? ಪಟಗೋನಿಯಾದ ಕಥೆಯನ್ನು ಬರೀ ಗೆಲುವಿನ ಕಥೆಯಾಗಿ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನಮಗೂ ಬೆನ್ನಿಗೆ ಕರ್ನಾಟಕವಿದೆ, ಕೋಟಿಗಟ್ಟಲೆ ಜನರಿದ್ದಾರೆ. ಅದೇ ಧೈರ್ಯದಲ್ಲಿ ಸುಮ್ನೆ ಕೂತಿದ್ದೇವೆ. ಕರ್ನಾಟಕದಲ್ಲಿ ಕನ್ನಡ ಉಳಿಯುತ್ತದೆ, ಸರಿ. ಆದರೆ ಇಲ್ಲಿ ವೇಲ್ಸ್‌ನ ಕಾರ್ಡಿಫ್‌ನ ಹುಡುಗಿಯೊಬ್ಬಳ ಬಾಯಲ್ಲಿ ಉಳಿಯುವುದಕ್ಕೆ ಅದೊಂದೇ ಸಾಲದು. ನಮ್ಮ ರಾಜ್ಯೋತ್ಸವ ನೋಡಿ. ವೇದಿಕೆ ಮೇಲೆ ಮಗು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಭಾಷಣವನ್ನು ಒಪ್ಪಿಸುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಪರದೆ ಹಿಂದೆ ಹೋದರೆ ಮೈಕಿನವರು, ಅಡುಗೆಯವರು, ಟಿಕೆಟ್ ಲೆಕ್ಕದವರು ಎಲ್ಲ ಇಂಗ್ಲಿಷ್. ನಮ್ಮ ಸಮಿತಿಯ ಸಭೆಯೂ ಅಷ್ಟೆ. ‘ಎಲ್ಲರಿಗೂ ನಮಸ್ಕಾರ’ ಆದ ಮೇಲೆ ಎರಡನೇ ವಾಕ್ಯಕ್ಕೇ ಕನ್ನಡ ಮುಗಿಯುತ್ತದೆ. ಮಕ್ಕಳು ಪೆದ್ದರಲ್ಲ. ಕನ್ನಡ ತೋರಿಕೆಗೆ, ಇಂಗ್ಲಿಷ್ ಕೆಲಸಕ್ಕೆ ಅನ್ನುವುದು ಅವರಿಗೆ ನಮ್ಮನ್ನು ನೋಡಿಯೇ ಗೊತ್ತಾಗಿದೆ.

ಅದಕ್ಕೇ ಮುಂದಿನ ಸಭೆಯಿಂದ ನಡಾವಳಿಯನ್ನು ಕನ್ನಡದಲ್ಲೇ ಬರೆಯೋಣ ಅಂತ ಸಮಿತಿಯಲ್ಲಿ ಕೇಳಿದ್ದೇನೆ. ಖಜಾಂಚಿಗಳು ಆಗಲೇ ಗೊಣಗಿದ್ದಾರೆ: ‘ಸ್ವಾಮಿ, ಆಡಿಟ್ ರಿಪೋರ್ಟಿಗೆ ಏನಂತ ಬರೆಯಲಿ?’ ಆಡಿಟ್ ರಿಪೋರ್ಟ್ ಅಂತಲೇ ಬರೆಯಿರಿ, ಕನ್ನಡ ಅಕ್ಷರದಲ್ಲಿ ಬರೆದರೆ ಆಯಿತು. ಸಂಘಕ್ಕೆ ಹೊಸದಾಗಿ ಬಂದ, ಕನ್ನಡ ಓದಲು ಬಾರದ ಸೊಸೆಯಂದಿರು, ಅಳಿಯಂದಿರು ಇದ್ದಾರೆ. ಅವರಿಗೆ ಒಂದು ಪುಟದ ಇಂಗ್ಲಿಷ್ ಸಾರಾಂಶ ಜೊತೆಗಿರಲಿ.

ಈ ಸಲ ರಾಜ್ಯೋತ್ಸವದ ಊಟದ ಕೌಂಟರ್ ಪೂರ್ತಿ ಹದಿಹರೆಯದವರ ಕೈಗೆ. ಕೂಪನ್, ಚಿಲ್ಲರೆ, ಬಿಸಿಬೇಳೆ ಬಾತ್ ಖಾಲಿಯಾದಾಗಿನ ಜಗಳ ಎಲ್ಲ ಕನ್ನಡದಲ್ಲಿ. ಜಗಳ ಜಾಸ್ತಿ ಆದರೂ ದೊಡ್ಡವರು ಇಂಗ್ಲಿಷ್‌ನಲ್ಲಿ ಮಧ್ಯೆ ಹೋಗಬೇಡಿ. ಹೆಸರು ಕೊಡುವ ಮಕ್ಕಳು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳಿಗೆ ತಿಳಿಸಲಿ. ಫೋನ್ ಅಪ್ಪ ಅಮ್ಮ ಮಾಡುವುದು ಬೇಡ, ಅವರೇ ಮಾಡಲಿ.