ಪಕ್ಷ ಇಲ್ಲ ಅಂದರೆ ಅಭಿಪ್ರಾಯ ಇಲ್ಲ ಅಂತಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಹಿರಿಯರೊಬ್ಬರ ಪತ್ರ ಬಂದಿತ್ತು. ಪಕ್ಷಾತೀತ ಯುವ ಸಂಘಟನೆ ಅನ್ನುವುದೆಲ್ಲ ಬರೀ ಬೋರ್ಡು, ಹಿಂದಿನ ಬಾಗಿಲು ಯಾವುದೋ ಒಂದು ಪಕ್ಷದ ಕಚೇರಿಗೇ ತೆರೆದಿರುತ್ತದೆ ಎಂದು ಅವರು ಬರೆದಿದ್ದರು. ನಾನು ಅಂಥದೊಂದು ಸಂಘಟನೆಯಲ್ಲಿ ಮೂರು ವರ್ಷದಿಂದ ಇದ್ದೇನೆ. ಆದರೂ ಪತ್ರ ಓದಿ ಸಿಟ್ಟು ಬರಲಿಲ್ಲ. ಸೇರುವ ಮುಂಚೆ ನನಗೂ ಇದೇ ಅನುಮಾನ ಇತ್ತು. ನಮ್ಮಪ್ಪನಿಗೆ ಈಗಲೂ ಇದೆ. ‘ಪಕ್ಷ ಇಲ್ಲದ ಸಂಘ ಅಂದ್ರೆ ಇನ್ನೂ ಹೆಸರಿಡದ ಪಕ್ಷ ಕಣೋ’ ಅನ್ನುತ್ತಾರೆ.

ನಾನು ಲೆಕ್ಕಪತ್ರದ ಕೆಲಸದವನು. ದಿನವಿಡೀ ಬೇರೆಯವರ ರಸೀದಿ, ವೋಚರ್ ನೋಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಗೆಳತಿಯೊಬ್ಬಳು ಇವರ ಸಭೆಗೆ ಎಳೆದುಕೊಂಡು ಹೋದಾಗ ನಾನು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ, ‘ದುಡ್ಡು ಎಲ್ಲಿಂದ ಬರುತ್ತೆ?’ ಗೆಳತಿಗೆ ನಾಚಿಕೆಯಾಯಿತು. ಸಂಚಾಲಕಿ ಮಾತ್ರ ಎದ್ದುಹೋಗಿ ಹಿಂದಿನ ವರ್ಷದ ಲೆಕ್ಕದ ಫೈಲು ತಂದು ನನ್ನ ಮುಂದಿಟ್ಟರು. ‘ನೋಡಿ, ತಪ್ಪಿದ್ದರೆ ಹೇಳಿ’ ಎಂದರು. ಎರಡು ತಪ್ಪು ಸಿಕ್ಕವು. ಎರಡೂ ಕೂಡಿಸುವಾಗ ಆದವು, ಮುಚ್ಚಿಟ್ಟವಲ್ಲ. ಪಕ್ಷದಿಂದಾಗಲಿ ಅಭ್ಯರ್ಥಿಯಿಂದಾಗಲಿ ದೇಣಿಗೆ ತೆಗೆದುಕೊಳ್ಳುವಂತಿಲ್ಲ, ಒಬ್ಬರೇ ದಾನಿಯಿಂದ ಒಟ್ಟು ಹಣದ ಕಾಲು ಭಾಗಕ್ಕಿಂತ ಜಾಸ್ತಿ ಪಡೆಯುವಂತಿಲ್ಲ ಎಂದು ನಿಯಮವೇ ಇತ್ತು. ಮುಂದಿನ ತಿಂಗಳು ನನ್ನನ್ನೇ ಖಜಾಂಚಿಯ ಸಹಾಯಕನನ್ನಾಗಿ ಮಾಡಿದರು. ಪ್ರಶ್ನೆ ಕೇಳಿದವನ ತಲೆಗೇ ಕೆಲಸ ಕಟ್ಟುವುದು ಎಲ್ಲ ಸಂಘಗಳ ಹಳೇ ಚಾಳಿ, ಅಲ್ವಾ?

ಸದಸ್ಯತ್ವದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. ‘ಯಾವುದಾದರೂ ಪಕ್ಷದಲ್ಲಿ ನಿಮಗೆ ಹುದ್ದೆ ಇದೆಯೇ?’ ಪಕ್ಷದ ಸದಸ್ಯರೇ ಅಂತ ಕೇಳಿರಲಿಲ್ಲ, ಹುದ್ದೆ ಇದೆಯೇ ಅಂತ ಕೇಳಿದ್ದರು. ಯಾಕೆ ಹೀಗೆ ಎಂದೆ. ಯಾರಿಗೆ ವೋಟು ಹಾಕಬೇಕು, ಯಾವ ಪಕ್ಷ ಮೆಚ್ಚಬೇಕು ಅನ್ನುವುದು ಅವರವರ ಹಕ್ಕು, ಅದನ್ನು ಬಾಗಿಲಲ್ಲೇ ಬಿಟ್ಟು ಬಾ ಅನ್ನಲು ನಾವ್ಯಾರು ಎಂದರು ಸಂಚಾಲಕಿ. ಅಲ್ಲಿ ಹುದ್ದೆ ಇದ್ದವರಿಗೆ ಇಲ್ಲಿ ಹುದ್ದೆ ಇಲ್ಲ, ಅಷ್ಟೇ. ಚುನಾವಣೆಗೆ ನಿಲ್ಲಬೇಕೆನಿಸಿದರೆ ಇಲ್ಲಿ ರಾಜೀನಾಮೆ ಕೊಟ್ಟು ಹೋಗಬೇಕು. ಹೋದ ವರ್ಷ ಒಬ್ಬ ಹಾಗೆ ಹೋದ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದವನು. ಹೋಗಿದ್ದಕ್ಕೆ ನನಗೆ ಬೇಜಾರಾಯಿತೇ ಹೊರತು ತಪ್ಪು ಅನ್ನಿಸಲಿಲ್ಲ. ಪಕ್ಷ ಕೆಟ್ಟದ್ದು ಅಂತ ನಾವು ಯಾವತ್ತೂ ಹೇಳಿಲ್ಲ.

ಸೇರುವಾಗ ಭಾಷಣ, ಮೆರವಣಿಗೆ ಇರುತ್ತದೆ ಅಂದುಕೊಂಡಿದ್ದೆ. ಕೊಟ್ಟಿದ್ದು ಒಂದು ಮೇಜು, ಎರಡು ಕುರ್ಚಿ, ಒಂದು ಕಟ್ಟು ಅರ್ಜಿ. ಕಾಲೇಜಿನ ಬಾಗಿಲಲ್ಲಿ ಕೂತು, 18 ತುಂಬಿದವರಿಗೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನೆರವಾಗಬೇಕು. ಕೇಳಲು ಸುಲಭ. ಆದರೆ ಒಬ್ಬೊಬ್ಬರದು ಒಂದೊಂದು ತೊಡಕು. ಒಂದು ದಾಖಲೆಯಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಹಾಸ್ಟೆಲ್ ವಿಳಾಸ ಕೊಡಬೇಕೋ ಮನೆಯದೋ ಗೊತ್ತಿಲ್ಲ. ಕೆಲವರಿಗೆ ಹೆಸರು ತಾನಾಗೇ ಸೇರುತ್ತದೆ ಅನ್ನುವ ನಂಬಿಕೆ.

ಮೂರನೇ ದಿನ ಒಬ್ಬ ಹುಡುಗಿ ಅರ್ಜಿ ತುಂಬಿ, ಪೆನ್ನು ವಾಪಸ್ ಕೊಡುತ್ತಾ ಕೇಳಿದಳು. ‘ಅಣ್ಣಾ, ಸರಿ, ಯಾರಿಗೆ ಹಾಕ್ಲಿ?’

ನನ್ನ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ನನಗೇನು ಅಭಿಪ್ರಾಯ ಇಲ್ಲವೇ? ಬೇಕಾದಷ್ಟಿದೆ. ಮನೆಯಲ್ಲಿ ಅಪ್ಪನ ಜೊತೆ ಜಗಳ ಆಡುವಷ್ಟಿದೆ. ಆದರೆ ಆ ಮೇಜಿನ ಹಿಂದೆ ಕೂತಿದ್ದಾಗ ಅದನ್ನು ಹೇಳುವಂತಿಲ್ಲ. ಅಭ್ಯರ್ಥಿಗಳು ತಮ್ಮ ಬಗ್ಗೆ ಸಲ್ಲಿಸಿದ ವಿವರ ಎಲ್ಲಿ ಸಿಗುತ್ತದೆ ಎಂದು ತೋರಿಸಿ ಸುಮ್ಮನಾದೆ. ಅವಳಿಗೆ ನಿರಾಸೆ ಆಯಿತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೂ ಆಯಿತು. ಪಕ್ಷಾತೀತ ಅನ್ನುವ ಪದ ಎಷ್ಟು ಕಷ್ಟದ್ದು ಅಂತ ಅವತ್ತು ತಿಳಿಯಿತು. ಗೊತ್ತಿಲ್ಲದ್ದನ್ನು ಹೇಳದಿರುವುದು ದೊಡ್ಡ ವಿಷಯವಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳಬೇಕಲ್ಲ, ಅದು ಕಷ್ಟ.

18ರ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಈ ವಯಸ್ಸೇನೂ ಆಕಾಶದಿಂದ ಬಿದ್ದದ್ದಲ್ಲ. ಬ್ರಿಟನ್‌ನಲ್ಲಿ 21 ಇದ್ದದ್ದು 18ಕ್ಕೆ ಇಳಿದದ್ದು 1969ರ ಕಾನೂನಿನಿಂದ. ಅಮೆರಿಕದಲ್ಲಿ 1971ರಲ್ಲಿ. ವಿಯೆಟ್ನಾಂ ಯುದ್ಧಕ್ಕೆ 18ಕ್ಕೇ ಕಳಿಸುತ್ತೀರಿ, ವೋಟಿಗೆ ಮಾತ್ರ 21 ಯಾಕೆ ಎಂದು ಅಲ್ಲಿನ ಹುಡುಗರು ಕೇಳಿದ್ದರು. ಆಸ್ಟ್ರಿಯಾ 2007ರಲ್ಲಿ 16ಕ್ಕೇ ಇಳಿಸಿತು. ಭಾರತದಲ್ಲಿ 21 ಇದ್ದದ್ದನ್ನು 18ಕ್ಕೆ ಇಳಿಸಿದ ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅಪ್ಪನಿಗೆ ಇದರ ಮೇಲೆ ಹಳೇ ಸಿಟ್ಟು. 1984ರ ಲೋಕಸಭೆ ಚುನಾವಣೆ ಹೊತ್ತಿಗೆ ಅವರಿಗೆ 20, ಕೆಲವೇ ತಿಂಗಳಲ್ಲಿ ತಪ್ಪಿತು. ಮುಂದಿನ ಲೋಕಸಭೆ ಚುನಾವಣೆ 1989ರಲ್ಲಿ. ಆಗ ಅವರಿಗೆ 25, ಚಿಕ್ಕಪ್ಪನಿಗೆ 19. ಇಬ್ಬರೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಹಾಕಿದರಂತೆ. ‘ಅವನಿಗೆ ಕಾಯೋ ಕಷ್ಟಾನೇ ಗೊತ್ತಿಲ್ಲ’ ಎಂದು ಅಪ್ಪ ಇವತ್ತಿಗೂ ಗೊಣಗುತ್ತಾರೆ. ಸಂಘ ಅಂದರೆ ಮೂಗು ಮುರಿಯುವ ಇದೇ ಮನುಷ್ಯ ಆಮೇಲೆ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ.

ಹಿರಿಯರ ಪತ್ರಕ್ಕೆ ನಿಜವಾದ ಉತ್ತರ ಇರುವುದು ಒಂದು ಕುರ್ಚಿಯ ಕಥೆಯಲ್ಲಿ.

ಸ್ಥಳೀಯ ಚುನಾವಣೆಗೆ ಮುಂಚೆ ನಾವು ಅಭ್ಯರ್ಥಿಗಳನ್ನೆಲ್ಲ ಒಂದೇ ವೇದಿಕೆಗೆ ಕರೆದೆವು. ಎಲ್ಲರಿಗೂ ಒಂದೇ ಪತ್ರ, ಒಂದೇ ಪ್ರಶ್ನೆಗಳು, ಒಬ್ಬೊಬ್ಬರಿಗೆ ಆರು ನಿಮಿಷ. ಯಾರು ಮೊದಲು ಮಾತಾಡಬೇಕು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುವುದು. ಎರಡು ದಿನ ಮುಂಚೆ ಒಬ್ಬರ ಕಡೆಯವರು ಫೋನ್ ಮಾಡಿ, ಪ್ರಶ್ನೆ ಮೊದಲೇ ಕೊಡಿ ಎಂದರು. ಇನ್ನೊಬ್ಬರ ಕಡೆಯವರು ಇಂಥಿಂಥವರು ಸಭೆಯಲ್ಲಿ ಕೂರಬಾರದು ಎಂದರು. ನಮ್ಮಲ್ಲೇ ಅರ್ಧ ಜನ, ಹೋಗಲಿ ಬಿಡಿ, ಇಷ್ಟು ಒಪ್ಪಿಕೊಂಡರೆ ಎಲ್ಲರೂ ಬರುತ್ತಾರಲ್ಲ ಅನ್ನತೊಡಗಿದರು.

ಆಗ ಸಂಚಾಲಕಿ ಒಂದು ಹಳೇ ಕಥೆ ಹೇಳಿದರು. ಅಮೆರಿಕದಲ್ಲಿ ‘ಲೀಗ್ ಆಫ್ ವಿಮೆನ್ ವೋಟರ್ಸ್’ ಅಂತ ಒಂದು ಸಂಸ್ಥೆ ಇದೆ. ಅಲ್ಲಿನ ಹೆಂಗಸರಿಗೆ ದೇಶದುದ್ದಕ್ಕೂ ವೋಟಿನ ಹಕ್ಕು ಬಂದ 1920ರಲ್ಲೇ ಹುಟ್ಟಿದ್ದು. ಯಾವ ಪಕ್ಷವನ್ನೂ ಬೆಂಬಲಿಸುವುದಿಲ್ಲ, ವಿರೋಧಿಸುವುದೂ ಇಲ್ಲ. ಆದರೆ ವಿಷಯಗಳ ಬಗ್ಗೆ ಗಟ್ಟಿಯಾಗಿ ಮಾತಾಡುತ್ತದೆ. 1976, 1980, 1984ರಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಟಿವಿ ಚರ್ಚೆ ನಡೆಸಿದ್ದು ಇವರೇ. 1988ರಲ್ಲಿ ಜಾರ್ಜ್ ಬುಷ್ ಮತ್ತು ಮೈಕೆಲ್ ಡುಕಾಕಿಸ್ ಕಡೆಯವರು ತಮ್ಮತಮ್ಮಲ್ಲೇ ಕೂತು ಒಪ್ಪಂದ ಮಾಡಿಕೊಂಡರು. ಪ್ರಶ್ನೆ ಕೇಳುವವರು ಯಾರು, ಸಭಾಂಗಣದಲ್ಲಿ ಕೂರುವವರು ಯಾರು, ಎಲ್ಲ ಅದರಲ್ಲಿತ್ತು. ಲೀಗ್‌ನವರು ಇದು ಮತದಾರರಿಗೆ ಮಾಡುವ ಮೋಸ, ನಾವು ಕೈಜೋಡಿಸುವುದಿಲ್ಲ ಎಂದು ಆ ಚರ್ಚೆಯಿಂದ ಹಿಂದೆ ಸರಿದರು. ನಿಜ ಹೇಳಬೇಕೆಂದರೆ ಸೋತದ್ದು ಲೀಗೇ. ಎರಡು ದೊಡ್ಡ ಪಕ್ಷಗಳು ಸೇರಿ ಹುಟ್ಟುಹಾಕಿದ ಆಯೋಗವೇ ಆಮೇಲೆ ಎಷ್ಟೋ ವರ್ಷ ಆ ಚರ್ಚೆಗಳನ್ನು ನಡೆಸಿತು. ಆದರೂ ನನಗೆ ಆ ಕಥೆ ಹಿಡಿಸಿತು. ಪಕ್ಷಾತೀತ ಅಂದರೆ ಇಬ್ಬರ ನಡುವೆ ತಲೆ ತಗ್ಗಿಸಿ ನಿಲ್ಲುವುದು ಅಂದುಕೊಂಡಿದ್ದೆ. ಇಬ್ಬರಿಗೂ ಒಟ್ಟಿಗೇ ‘ಆಗಲ್ಲ’ ಅನ್ನುವುದೂ ಅದೇ ಅಂತ ಗೊತ್ತಿರಲಿಲ್ಲ.

ನಾವೂ ಇಬ್ಬರಿಗೂ ಒಂದೇ ಉತ್ತರ ಕಳಿಸಿದೆವು. ಒಬ್ಬರು ಬಂದರು. ಇನ್ನೊಬ್ಬರು ಬರಲಿಲ್ಲ. ಈಗ ಬಂತು ನೋಡಿ ಕುರ್ಚಿ ಜಗಳ. ಬಾರದವರ ಹೆಸರಿನ ಫಲಕ ಇಟ್ಟು ಕುರ್ಚಿ ಖಾಲಿ ಬಿಡಬೇಕೋ, ತೆಗೆಯಬೇಕೋ? ನನ್ನ ಪ್ರಕಾರ ಬಿಡಬೇಕಿತ್ತು. ಕರೆದದ್ದು ನಿಜ, ಬಾರದ್ದು ನಿಜ, ಅದು ಕಾಣಲಿ ಎಂದೆ. ಖಾಲಿ ಕುರ್ಚಿ ಎರಡು ಗಂಟೆ ಒಬ್ಬರ ವಿರುದ್ಧ ಭಾಷಣ ಮಾಡಿದ ಹಾಗೆ ಎಂದಳು ಇನ್ನೊಬ್ಬಳು. ರಾತ್ರಿ ಹನ್ನೊಂದರವರೆಗೆ ಇದೇ ಮಾತು. ಕೊನೆಗೆ ಕೈ ಎತ್ತಿಸಿದರು. ಒಂಬತ್ತಕ್ಕೆ ಏಳು, ನಾನು ಸೋತೆ. ಕುರ್ಚಿ ತೆಗೆದರು. ಆಹ್ವಾನ ಒಪ್ಪಿಕೊಳ್ಳದವರ ಹೆಸರನ್ನು ಸಭೆಯ ಶುರುವಿನಲ್ಲಿ ಒಂದೇ ವಾಕ್ಯದಲ್ಲಿ ಓದಿದರು. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ. ಆದರೆ ಒಂದು ಕುರ್ಚಿಗೆ ಇಷ್ಟು ತಲೆಕೆಡಿಸಿಕೊಳ್ಳುವ ಜನಕ್ಕೆ ಹಿಂದಿನ ಬಾಗಿಲಿದ್ದರೆ ಇಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಬೀಳುತ್ತಿತ್ತು.

ಚುನಾವಣೆ ಇಲ್ಲದ ದಿನಗಳ ಕೆಲಸ ಇನ್ನೂ ನೀರಸ. ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆ ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಕಾಲೇಜು, ಕೆಲಸ ಬಿಡುವುದೂ ಐದಕ್ಕೇ. ಅದನ್ನು ಎಂಟರವರೆಗೆ ತೆರೆಸಲು ಏಳು ತಿಂಗಳು ಓಡಾಡಿದೆವು. ಗ್ರಂಥಾಲಯದವರು ಮೊದಲ ಸಲ ಕರೆದಾಗ ನಮಗೆಲ್ಲ ಒಂದೇ ಬಣ್ಣದ ಟೀ ಶರ್ಟ್ ಕೊಟ್ಟು, ಬ್ಯಾನರ್ ಹಿಡಿಸಿ, ಫೋಟೊ ತೆಗೆದು ಕಳಿಸಿದರು. ಮಾತಾಡಲು ಬಿಡಲೇ ಇಲ್ಲ. ಎಳೆಯರು ಭಾಗವಹಿಸುವ ಬಗ್ಗೆ ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಎಂಟು ಮೆಟ್ಟಿಲ ಏಣಿಯೊಂದನ್ನು ಬರೆದುಕೊಟ್ಟಿದ್ದಾರೆ. ಕೆಳಗಿನ ಮೂರು ಮೆಟ್ಟಿಲನ್ನು ಅವರು ಭಾಗವಹಿಸುವಿಕೆ ಅಂತ ಒಪ್ಪುವುದೇ ಇಲ್ಲ. ಬೇರೆಯವರ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೂರಿಸುವುದು. ನಾವು ಅವತ್ತು ನಿಂತಿದ್ದು ಎರಡನೇ ಮೆಟ್ಟಿಲಲ್ಲಿ. ಟೀ ಶರ್ಟ್ ಬಟ್ಟೆ ಚೆನ್ನಾಗಿತ್ತು, ಅದು ಬೇರೆ ಮಾತು.

ಆಮೇಲೆ ನಾಲ್ಕು ಜನ ಎರಡು ವಾರ ಗ್ರಂಥಾಲಯದ ಬಾಗಿಲಲ್ಲಿ ನಿಂತು, ಐದರ ಮೇಲೆ ಬಂದು ವಾಪಸ್ ಹೋದವರನ್ನು ಎಣಿಸಿದೆವು. ಆ ಹಾಳೆ ಮುಂದಿಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು. ಪೂರ್ತಿ ಗೆದ್ದೆವು ಅನ್ನಲಾರೆ. ವಾರಕ್ಕೆ ಮೂರು ದಿನ, ಏಳೂವರೆಯವರೆಗೆ ತೆರೆದಿಡುತ್ತಾರೆ. ಉಳಿದ ದಿನಗಳ ಅರ್ಜಿ ಇನ್ನೂ ಅಲ್ಲೇ ಕೂತಿದೆ.

ಸೇರಬೇಕು ಅನ್ನುವ ತಮ್ಮ, ತಂಗಿಯರಿಗೆ ನಾನು ಉಪದೇಶ ಮಾಡುವುದಿಲ್ಲ. ಹಿರಿಯರ ಅನುಮಾನ ಜೇಬಲ್ಲಿಟ್ಟುಕೊಂಡೇ ಹೋಗಿ. ಲೆಕ್ಕ ಕೇಳಿ. ಕೊಡಲು ತಡಬಡಿಸಿದರೆ ಎದ್ದು ಬನ್ನಿ. ಚುನಾವಣೆ ತಿಂಗಳಲ್ಲಿ ವೇದಿಕೆ ಮೇಲೆ ಯಾರು ಕೂರುತ್ತಾರೆ ನೋಡಿ. ಈ ಸಂಘ ಆಳುವವರಿಗೂ ವಿರೋಧದಲ್ಲಿರುವವರಿಗೂ ಯಾವತ್ತಾದರೂ ಇಲ್ಲ ಅಂದಿದೆಯಾ ಅಂತ ಹಳೇ ಸದಸ್ಯರನ್ನು ವಿಚಾರಿಸಿ. ಒಬ್ಬರಿಗೆ ಮಾತ್ರ ಇಲ್ಲ ಅಂದಿದ್ದರೆ ನಿಮಗೇ ಅರ್ಥವಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ದಿನ ಸುಮ್ನೆ ಕೂತು ಓದಿದರೂ ಸಾಕು. ನಮ್ಮ ಗುಂಪಿನಲ್ಲಿ ಪಕ್ಷದ ಪೋಸ್ಟ್ ಹಾಕುವಂತಿಲ್ಲ. ಇದೇ ಕಾರಣಕ್ಕೆ ಇಬ್ಬರು ಬಿಟ್ಟುಹೋದರು, ಅದರಲ್ಲಿ ಒಬ್ಬ ನಾನು ವೋಟು ಹಾಕುವ ಪಕ್ಷದವನೇ. ಬೇಸರಕ್ಕೆ ಬಿಡುವವರು ಇನ್ನೂ ಜಾಸ್ತಿ. ಸಭೆಯ ನಡಾವಳಿ ಬರೆಯುವುದರಲ್ಲಿ ಯಾವ ಹುಮ್ಮಸ್ಸು ಇರುತ್ತದೆ ಹೇಳಿ.

ಅಭ್ಯರ್ಥಿಗಳ ಸಭೆಗೆ ಅಪ್ಪ ಹೇಳದೆ ಕೇಳದೆ ಬಂದು ಕೊನೇ ಸಾಲಲ್ಲಿ ಕೂತಿದ್ದರು. ಚೀಟಿಯಲ್ಲಿ ಬರೆದು ಪ್ರಶ್ನೆಯನ್ನೂ ಕಳಿಸಿದ್ದರು. ಅಕ್ಷರ ನೋಡಿಯೇ ನನಗೆ ಗೊತ್ತಾಯಿತು. ಸಮಯ ಸಾಲದೆ ಆ ಚೀಟಿ ಓದಲಾಗಲಿಲ್ಲ. ‘ನೋಡ್ದ್ಯಾ, ನನ್ನ ಪ್ರಶ್ನೇನೇ ಬಿಟ್ರಲ್ಲ’ ಎಂದು ಮನೆಗೆ ಬಂದು ರೇಗಿದರು. ಆ ಚೀಟಿ ಈಗ ನಮ್ಮ ಫೈಲಿನಲ್ಲಿದೆ, ಉಳಿದ ಚೀಟಿಗಳ ಜೊತೆ.

ಪತ್ರ ಬರೆದ ಹಿರಿಯರಿಗೆ ನನ್ನದೊಂದು ಕೋರಿಕೆ. ಇಂಥ ಸಂಘಟನೆ ನಿಮ್ಮ ಹತ್ತಿರವೂ ಇದ್ದರೆ ಅವರ ತಿಂಗಳ ಸಭೆಗೆ ಒಮ್ಮೆ ಹೋಗಿ ಬನ್ನಿ. ನಮ್ಮದಕ್ಕೇ ಬಂದರೆ ಇನ್ನೂ ಒಳ್ಳೆಯದು, ಬಾಗಿಲು ಯಾರಿಗೂ ಹಾಕಿಲ್ಲ. ಲೆಕ್ಕದ ಫೈಲು ನಾನೇ ತಂದುಕೊಡುತ್ತೇನೆ. ನೀವು ಆ ಖಾಲಿ ಕುರ್ಚಿ ವಿಷಯ ಮತ್ತೆ ಎತ್ತಿದರೆ ನನಗೂ ಒಬ್ಬರ ಬೆಂಬಲ ಸಿಕ್ಕಂತಾಗುತ್ತದೆ.

ಇಂತಿ,
ನಿಮ್ಮ ಓದುಗ