ತಪ್ಪು ಹೋದ ಮನೆಗೇ ತಿದ್ದುಪಡಿಯೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ನಿಮ್ಮ ಪತ್ರಿಕೆಯ ಏಜೆಂಟ್. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯ ಒಂದು ಸಣ್ಣ ಪೇಟೆಯಲ್ಲಿ 28 ವರ್ಷದಿಂದ ಪೇಪರ್ ಹಾಕಿಸುತ್ತಿದ್ದೇನೆ. ಎಲ್ಲ ಪತ್ರಿಕೆ ಸೇರಿ ದಿನಕ್ಕೆ 310 ಪ್ರತಿ. ಅದರಲ್ಲಿ ನಿಮ್ಮದೇ 186. ಬೆಳಗಿನ ಜಾವ ಐದೂಕಾಲಿಗೆ ಶಿವಮೊಗ್ಗದಿಂದ ವ್ಯಾನ್ ಬರುತ್ತದೆ. ಮಳೆಗಾಲದಲ್ಲಿ ಆರು ಗಂಟೆಯೂ ಆಗುತ್ತದೆ. ಕಟ್ಟು ಬಿಚ್ಚಿ ಮೊದಲು ಓದುವವನು ನಾನೇ. ಓದಿದವರು ಏನಾದರೂ ಕೇಳಬೇಕೆಂದರೆ ಮೊದಲು ಬರುವುದೂ ನನ್ನ ಹತ್ತಿರವೇ. ನಿಮ್ಮ ಮುಖ ಅವರು ನೋಡಿಲ್ಲ. ಅವರ ಪಾಲಿಗೆ ಪತ್ರಿಕೆ ಅಂದರೆ ನಾನು.

ಮೇ 23ರ ಕೃಷಿ ಪುಟದಲ್ಲಿ ಅಡಿಕೆಯ ಕೊಳೆ ರೋಗದ ಬಗ್ಗೆ ಲೇಖನ ಬಂದಿತ್ತು. ಲೇಖನ ಚೆನ್ನಾಗಿತ್ತು. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು ಎಂಬುದೆಲ್ಲ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ಬಣ್ಣದ ಚೌಕ ಹಾಕಿ, ದ್ರಾವಣ ಮಾಡುವ ಕ್ರಮ ಕೊಟ್ಟಿದ್ದಿರಿ. ತಪ್ಪಾಗಿದ್ದು ಆ ಚೌಕದೊಳಗೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ ಅಂತ ಇರಬೇಕಿತ್ತು. ಸುಣ್ಣ 100 ಗ್ರಾಂ ಅಂತ ಅಚ್ಚಾಗಿತ್ತು.

ತೋಟ ಇಲ್ಲದವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಆದರೆ ಮೈಲುತುತ್ತದ ಖಾರ ಮುರಿಯುವುದೇ ಸುಣ್ಣ. ಸುಣ್ಣ ಕಡಿಮೆಯಾದರೆ ತಾಮ್ರ ಹಾಗೇ ಉಳಿದು ಮಿಳ್ಳೆಯನ್ನು, ಅಂದರೆ ಎಳೆ ಕಾಯನ್ನು, ಸುಡುತ್ತದೆ. ಅದಕ್ಕೇ ಹಳಬರು ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು ಬಿಡುತ್ತಾರೆ. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದರು. ಅಂಥವರು ಚೌಕ ನೋಡಿದ ಕೂಡಲೇ ತಪ್ಪು ಅಂದುಕೊಂಡು ಪುಟ ಮಗುಚಿದರು.

ಈಗ ತೋಟದಲ್ಲಿರುವವರೆಲ್ಲ ಹಳಬರಲ್ಲವಲ್ಲ. ನಮ್ಮೂರಿನ ಒಬ್ಬ ಹುಡುಗ, ಅಪ್ಪನಿಗೆ ಲಕ್ವ ಹೊಡೆದ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ಬಂದವನು. ಅವನಿಗೆ ಇದು ಮೊದಲ ಮಳೆಗಾಲ. ಆ ಚೌಕವನ್ನು ಕತ್ತರಿಸಿ ಪಂಪ್ ಮನೆಯ ಗೋಡೆಗೆ ಅಂಟಿಸಿಕೊಂಡಿದ್ದ. ಮಾರನೇ ದಿನವೇ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಕ್ಕಿದರು. ಮಳೆಗೆ ಮುಂಚೆ ಕೊನೆಗಾರರು ಸಿಕ್ಕಿದರೆ ಯಾರೂ ನಾಳೆ ಬನ್ನಿ ಅನ್ನುವುದಿಲ್ಲ. ಎರಡು ಡ್ರಮ್ ಮುಗಿದ ಮೇಲೆ, ವಯಸ್ಸಾದ ಕೊನೆಗಾರರೊಬ್ಬರು ತಮ್ಮ ಕೈಮೇಲೆ ಒಣಗಿದ ಔಷಧಿ ನೋಡಿ ಕೆಳಗಿಳಿದರು. ‘ತಮ್ಮಾ, ಇದರ ಬಣ್ಣ ಸರಿ ಇಲ್ಲ. ಹಾಲು ಬೆರೆಸಿದ ಹಾಗೆ ತಿಳಿ ನೀಲಿ ಇರಬೇಕು. ಇದು ಬರೀ ಮೈಲುತುತ್ತದ ನೀರು’ ಅಂದರಂತೆ. ಕೆಲವೇ ದಿನದಲ್ಲಿ ಆ ಸಾಲುಗಳ ಮಿಳ್ಳೆ ಕಪ್ಪಾಗಿ ಉದುರಿತು. ಆ ಮರಗಳಿಗೆ ಈ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಔಷಧಿ ಹೊಡೆದ ಮಾರನೇ ದಿನವೇ, 25ರ ಬೆಳಿಗ್ಗೆ, ಅವನು ಗೋಡೆಯಿಂದ ಕಿತ್ತ ಆ ಚೂರು ಹಿಡಿದುಕೊಂಡು ಅಂಗಡಿಗೆ ಬಂದ. ನನ್ನನ್ನು ಬೈಯಲಿಲ್ಲ. ಕಟ್ಟೆ ಮೇಲೆ ಕೂತು, ‘ಅಣ್ಣಾ, ಪೇಪರ್‌ನಲ್ಲಿ ಬಂದಿದ್ದಲ್ವಾ? ಇನ್ಯಾರನ್ನು ಕೇಳಬೇಕಿತ್ತು ನಾನು?’ ಅಂದ. ಇಷ್ಟು ವರ್ಷದಲ್ಲಿ ಪೇಪರ್ ಒದ್ದೆಯಾಗಿದೆ ಅಂತ, ತಡವಾಯಿತು ಅಂತ ತುಂಬ ಜನ ಜಗಳ ಆಡಿದ್ದಾರೆ. ಅದೆಲ್ಲಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಇದಕ್ಕೆ ಇರಲಿಲ್ಲ.

ಕೂಡಲೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಡೆಸ್ಕ್‌ಗೆ ತಿಳಿಸುತ್ತೇವೆ ಅಂದರು. 26ರ ಪೇಪರ್ ಪೂರ್ತಿ ಹುಡುಕಿದೆ, ಏನೂ ಇರಲಿಲ್ಲ. ಅವತ್ತು ಸಂಜೆ ಒಂದು ಚೀಟಿ ಬರೆದೆ: ‘23ರ ಕೃಷಿ ಪುಟದಲ್ಲಿ ಸುಣ್ಣದ ಅಳತೆ ತಪ್ಪಾಗಿದೆ. 100 ಗ್ರಾಂ ಅಲ್ಲ, 1 ಕೆ.ಜಿ. ಹೊಡೆಯುವ ಮೊದಲು ಕತ್ತಿ ಅದ್ದಿ ನೋಡಿ.’ 186 ಜೆರಾಕ್ಸ್ ಮಾಡಿಸಿ, ಪಾಂಪ್ಲೆಟ್ ಸೇರಿಸುವ ಹಾಗೆ 27ರ ಪೇಪರ್ ಒಳಗೆ ಸೇರಿಸಿ ಹುಡುಗರ ಕೈಗೆ ಕೊಟ್ಟೆ. ಮೂರು ಮನೆಯಿಂದ ಫೋನ್ ಬಂತು. ಮೈಲುತುತ್ತ ನೆನೆಹಾಕಿ ಆಗಿತ್ತು, ಚೀಟಿ ನೋಡಿ ಸುಣ್ಣ ತರಿಸಿದೆವು ಅಂದರು.

ನಾಲ್ಕನೆಯ ಫೋನ್ ನಿಮ್ಮ ಪ್ರಸರಣ ವಿಭಾಗದ್ದು. ಪತ್ರಿಕೆಯೊಳಗೆ ನೀವಾಗಿ ಏನನ್ನೂ ಹಾಕುವಂತಿಲ್ಲ ಅಂದರು. ಅದು ಸರಿಯೇ. ನಾಳೆ ಇನ್ನೊಬ್ಬ ಏಜೆಂಟ್ ತನಗೆ ಬೇಕಾದ್ದನ್ನು ಬರೆದು ಹಾಕಬಹುದು. ಇನ್ನು ಮುಂದೆ ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಆದರೆ ಆ ಚೀಟಿಯ ಕೆಲಸ ನನ್ನದಾಗಿರಲಿಲ್ಲ, ಪತ್ರಿಕೆಯದಾಗಿತ್ತು.

ನಿಮ್ಮ ತಿದ್ದುಪಡಿ ಬಂದಿದ್ದು ಜೂನ್ 1ಕ್ಕೆ, ಒಂಬತ್ತು ದಿನದ ಮೇಲೆ. ಅಷ್ಟರೊಳಗೆ ನಮ್ಮ ಕಡೆ ಮುಕ್ಕಾಲು ಪಾಲು ತೋಟಕ್ಕೆ ಔಷಧಿ ಹೊಡೆದಾಗಿತ್ತು. ಬಂದಿದ್ದಾದರೂ ಎಲ್ಲಿ? ಏಳನೇ ಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ. ‘ಮೇ 23ರ ಲೇಖನದಲ್ಲಿ ಕಣ್ತಪ್ಪಿನಿಂದ ಪ್ರಮಾಣ ತಪ್ಪಾಗಿ ಮುದ್ರಣವಾಗಿದೆ. ವಿಷಾದಿಸುತ್ತೇವೆ.’ ಇಷ್ಟೇ. ಯಾವ ಲೇಖನ, ಯಾವುದರ ಪ್ರಮಾಣ, ಸರಿಯಾದದ್ದು ಎಷ್ಟು, ಒಂದೂ ಇಲ್ಲ. ಆ ಹುಡುಗನಿಗೆ ಅದನ್ನು ತೋರಿಸಲು ನನಗೆ ಮನಸ್ಸು ಬರಲಿಲ್ಲ.

ವೆಬ್‌ಸೈಟ್‌ನಲ್ಲಿ ಅಳತೆ ಸರಿ ಮಾಡಿದ್ದೀರಿ, ಒಳ್ಳೆಯದು. ಆದರೆ ಇಂಥ ದಿನ ತಿದ್ದಿದ್ದೇವೆ ಅಂತ ಒಂದು ಸಾಲೂ ಇಲ್ಲ. ಮೊದಲಿನಿಂದಲೂ ಸರಿಯೇ ಇತ್ತೇನೋ ಎಂಬಂತಿದೆ. ಆ ಹುಡುಗನ ಚಿಕ್ಕಪ್ಪ ಮೊಬೈಲ್‌ನಲ್ಲಿ ಅದನ್ನು ನೋಡಿ, ನೀನೇ ತಪ್ಪು ಓದಿದ್ದೀಯ ಅಂತ ಅವನನ್ನೇ ಗದರಿದರು. ರದ್ದಿಯ ಕಟ್ಟಿನಿಂದ 23ರ ಪೇಪರ್ ತೆಗೆದು ತೋರಿಸಿದ ಮೇಲೆ ಸುಮ್ಮನಾದರು. ಇನ್ನೊಂದು ಕಡೆ, ಆ ಹಳೆಯ ಚೌಕದ ಫೋಟೋ ಈಗಲೂ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದರ ಹಿಂದೆ ಕಳಿಸಲು ನಮ್ಮ ಕೈಯಲ್ಲಿ ನಿಮ್ಮದೇ ಆದ ಸ್ಪಷ್ಟ ತಿದ್ದುಪಡಿ ಇಲ್ಲ.

ನನ್ನ ಅಣ್ಣನ ಮಗಳು ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಓದಿದವಳು. ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿಯಲ್ಲಿ ಇದಕ್ಕೆ ನಿಯಮವೇ ಇದೆ ಅಂತ ಅವಳು ತೋರಿಸಿದಳು. ತಪ್ಪು ಗೊತ್ತಾದ ಕೂಡಲೇ, ಯಾರೂ ಕೇಳದಿದ್ದರೂ, ಎದ್ದು ಕಾಣುವ ಹಾಗೆ ತಿದ್ದುಪಡಿ ಹಾಕಬೇಕು. ತಪ್ಪು ದೊಡ್ಡದಾದರೆ ಕ್ಷಮೆಯನ್ನೂ ಕೇಳಬೇಕು. 2006ರಲ್ಲಿ ‘ದಿ ಹಿಂದೂ’ ಇದಕ್ಕೆಂದೇ ಓದುಗರ ಸಂಪಾದಕರು ಅಂತ ಒಬ್ಬರನ್ನು ನೇಮಿಸಿತು ಅಂತಲೂ ಹೇಳಿದಳು. ದಿನಪತ್ರಿಕೆಯ ಮೇಲೆ ಮಂಡಳಿಗೆ ದೂರು ಕೊಡಲು ಎರಡು ತಿಂಗಳ ಅವಕಾಶ ಇದೆಯಂತೆ. ಅದಕ್ಕೂ ಮೊದಲು ಸಂಪಾದಕರಿಗೇ ಬರೆಯಬೇಕಂತೆ. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ನನಗೆ ದೂರು ಕೊಡುವ ಆಸೆ ಇಲ್ಲ. ನನ್ನ ಮಕ್ಕಳ ಫೀಸು ಕಟ್ಟಿದ್ದು ಈ ಪೇಪರ್‌ನ ಕಮಿಷನ್‌ನಿಂದ.

ಅವಸರದಲ್ಲಿ ತಪ್ಪಾಗುತ್ತದೆ, ನನಗೂ ಗೊತ್ತು. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲುಕ್ವಾರಿ ಬಳಿ ಸ್ಫೋಟ ಆದಾಗ ಶಿವಮೊಗ್ಗದಲ್ಲಿರುವ ನನ್ನ ತಂಗಿ ಫೋನ್ ಮಾಡಿ ಭೂಕಂಪ ಅಂದಿದ್ದಳು. ಊರಿಗೆ ಊರೇ ಹಾಗೆ ಅಂದುಕೊಂಡಿತ್ತು. ಸತ್ತವರ ಸಂಖ್ಯೆ ಮೊದಲು ಕೇಳಿದ್ದೇ ಬೇರೆ, ಆಮೇಲೆ ಗೊತ್ತಾಗಿದ್ದೇ ಬೇರೆ. ಅಂಥ ರಾತ್ರಿ ಸುದ್ದಿ ಮಾಡುವವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಬೋರ್ಡೋ ಅಳತೆಗೆ ಅವಸರ ಏನಿತ್ತು? ಅಚ್ಚಿಗೆ ಹೋಗುವ ಮೊದಲು ಆ ಚೌಕವನ್ನು ಬರೆದವರಿಗೇ ಒಮ್ಮೆ ಓದಿ ಹೇಳಿದ್ದರೆ ಸಾಕಿತ್ತು.

ನಿಮ್ಮ ಪತ್ರಿಕೆಗೆ ಇದು ಬಾರದ ಕೆಲಸವೂ ಅಲ್ಲ. ಕೆಲವು ವರ್ಷಗಳ ಹಿಂದೆ ಮಂಗನ ಕಾಯಿಲೆಯ ಸುದ್ದಿಯಲ್ಲಿ ಒಂದು ಊರಿನ ಬದಲು ನಮ್ಮ ಪಕ್ಕದ ಊರಿನ ಹೆಸರು ಬಂದಿತ್ತು. ಒಂದಕ್ಷರದ ವ್ಯತ್ಯಾಸ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಉಣುಗು ಕಚ್ಚಿ ಬರುತ್ತದೆಯೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಹೆಸರು ಕೇಳಿದರೆ ಮಲೆನಾಡಿನ ಜನ ಹೆದರುತ್ತಾರೆ. ಅಡಿಕೆ ಸುಲಿಯುವ ಕಾಲ ಬೇರೆ. ಸುಲಿಯಲು ಬರುತ್ತಿದ್ದ ಹೆಂಗಸರು ಆ ಊರಿಗೆ ಬರುವುದನ್ನೇ ನಿಲ್ಲಿಸಿದರು. ಆಗ ನೀವು ಮಾರನೇ ದಿನವೇ, ಅದೇ ಪುಟದ ಅದೇ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ತಿದ್ದಿದಿರಿ. ನಾವು ಇಂಥ ಊರು ಅಂದಿದ್ದೆವು, ಅದು ತಪ್ಪು, ಅಲ್ಲಿ ಕಾಯಿಲೆ ಕಂಡಿಲ್ಲ ಅಂತ ಬಿಡಿಸಿ ಬರೆದಿರಿ. ನಾನು ಆ ಪುಟವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೆ. ಮೂರನೇ ದಿನ ಸುಲಿಯುವವರು ಬಂದರು. ನಿಮ್ಮ ಪತ್ರಿಕೆ ತಪ್ಪು ಮಾಡಿತು ಅಂತ ಒಬ್ಬರೂ ಚಂದಾ ಬಿಡಲಿಲ್ಲ. ಅವರೇ ಒಪ್ಪಿಕೊಂಡರಲ್ಲ ಅಂತ ಜನ ಮೆಚ್ಚಿ ಮಾತಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನಿನ್ನೆ ಜುಲೈ 1, ಪತ್ರಿಕಾ ದಿನ. 1843ರ ಇದೇ ದಿನ ‘ಮಂಗಳೂರ ಸಮಾಚಾರ’ ಹೊರಟಿದ್ದನ್ನು ನೆನೆದು, ಓದುಗರ ನಂಬಿಕೆಯ ಬಗ್ಗೆ ಬರೆದಿದ್ದಿರಿ. ಅದನ್ನು ಓದಿದ ಮೇಲೆ ಈ ಪತ್ರ ಬರೆಯಲು ಕೂತೆ.

ನಮ್ಮ ಕಡೆ ಎರಡನೇ ಸಲ ಔಷಧಿ ಹೊಡೆಯುವುದು ಜುಲೈ ಮಧ್ಯಕ್ಕೆ. ಆ ಹುಡುಗನೂ ಉಳಿದ ಮರಗಳಿಗೆ ಹೊಡೆಯಬೇಕು. ಅದಕ್ಕೆ ಮೊದಲು, ಕೃಷಿ ಪುಟದಲ್ಲಿಯೇ, ಅಷ್ಟೇ ದೊಡ್ಡ ಚೌಕದಲ್ಲಿ ತಿದ್ದುಪಡಿ ಹಾಕಿ. ಮೊದಲು ಏನು ಅಚ್ಚಾಗಿತ್ತು, ಸರಿಯಾದದ್ದು ಏನು, ಎರಡೂ ಇರಲಿ. ಕತ್ತಿ ಅದ್ದಿ ನೋಡುವುದನ್ನೂ ಸೇರಿಸಿ. ವೆಬ್‌ಸೈಟ್‌ನಲ್ಲಿ ತಿದ್ದಿದ ದಿನ ಕಾಣಲಿ.

ಯಾವತ್ತು ಹಾಕುತ್ತೀರಿ ಅಂತ ಹಿಂದಿನ ದಿನ ನನಗೊಂದು ಫೋನ್ ಮಾಡಿಸಿ. ಮೇ 23ರಂದು ಬಿಡಿ ಪೇಪರ್ ಕೊಂಡು ಹೋದವರೂ ಇದ್ದಾರೆ. ಅವರ ಮನೆಗಳು ನನಗೆ ಗೊತ್ತು. ಅವತ್ತು 40 ಪ್ರತಿ ಜಾಸ್ತಿ ಕಳಿಸಿ. ಅದರ ಹಣ ನಾನು ಕಟ್ಟುತ್ತೇನೆ, ಮುಟ್ಟಿಸುವುದೂ ನಾನೇ.

ಇಂತಿ,
ನಿಮ್ಮ ಪತ್ರಿಕೆಯ ಏಜೆಂಟ್
ಆಗುಂಬೆ ರಸ್ತೆ, ತೀರ್ಥಹಳ್ಳಿ ತಾಲ್ಲೂಕು
ಜುಲೈ 2